ನೇಪಿಯರ್ ಮೇವಿನ ಲೆಕ್ಕ: ಖರ್ಚು ಉಂಟು, ಇಳುವರಿ ಇಲ್ಲ

ಕರ್ನಾಟಕದ ಹೈನುಗಾರರು ಬೋರ್‌ವೆಲ್ ನೀರಿನಲ್ಲಿ ಬೆಳೆಯುವ ಹೈಬ್ರಿಡ್ ನೇಪಿಯರ್ ಹುಲ್ಲು ಮಾರಾಟಕ್ಕೆ ಹೋಗುವುದು ಅಪರೂಪ. ಟೊಮೆಟೊಗೆ ಮಂಡಿಯ ಚೀಟಿಯಿದೆ, ಹಾಲಿಗೆ ಡೈರಿಯ ಪಾಸ್‌ಪುಸ್ತಕವಿದೆ. ಹೊಲದಿಂದ ನೇರ ಗೋದಲಿಗೆ ಬೀಳುವ ಹುಲ್ಲನ್ನು ಯಾರೂ ತೂಗುವುದಿಲ್ಲ. ಲೆಕ್ಕ ಬರೆಯುವ ರೈತರ ಪುಸ್ತಕದಲ್ಲೂ ನಾಟಿ ಕಡ್ಡಿ, ಉಳುಮೆ, ಯೂರಿಯಾದ ಖರ್ಚು ಸಿಗುತ್ತದೆಯೇ ಹೊರತು ಇಳುವರಿ ಸಿಗುವುದಿಲ್ಲ. ಇಂಥ ಅರ್ಧ ಲೆಕ್ಕದಿಂದ ಒಂದು ಕಿಲೊ ಮೇವು ಎಷ್ಟಕ್ಕೆ ಬಿತ್ತೆಂಬುದು ಎಂದಿಗೂ ತಿಳಿಯದು.

ಇದಕ್ಕೆ ರೈತರ ಉದಾಸೀನವೊಂದೇ ಕಾರಣವಲ್ಲ. ರಾಗಿಯಂತೆ ಒಮ್ಮೆ ಕೊಯ್ದು ಮುಗಿಸುವ ಬೆಳೆಗೆ ಹೊಂದುವ ಲೆಕ್ಕದ ಮಾದರಿ ನೇಪಿಯರ್‌ಗೆ ಹೊಂದುವುದಿಲ್ಲ. ನಾಟಿಯಾದ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಮ್ಮೆ; ಅದೂ ಹಸುಗಳಿಗೆ ಬೇಕಾದಷ್ಟನ್ನೇ ದಿನವೂ ಒಂದೊಂದು ಪಟ್ಟಿಯಿಂದ ಕೊಯ್ಯುವುದು. ಪ್ರತಿ ಹೊರೆಯನ್ನೂ ತೂಗಬೇಕೆಂಬ ನಿಯಮ ಒಂದು ವಾರಕ್ಕಿಂತ ಹೆಚ್ಚು ನಡೆಯದು. ಹೊರೆಗಳನ್ನು ದಿನವೂ ಎಣಿಸಿ, ವಾರಕ್ಕೊಮ್ಮೆ ಕೆಲವನ್ನು ತೂಗಿ ಸರಾಸರಿ ಹಿಡಿಯುವುದು ನಡೆಯುವಂಥ ದಾರಿ. 60 × 50 ಸೆಂ.ಮೀ. ಅಂತರದಲ್ಲಿ ನೆಟ್ಟಿದ್ದರೆ ಎಕರೆಗೆ ಸುಮಾರು 13,500 ಬುಡಗಳಿರುತ್ತವೆ; ಹತ್ತು ಬುಡಗಳನ್ನು ತೂಗಿಯೂ ಅಂದಾಜು ಮಾಡಬಹುದು. ಆದರೆ ಬದುವಿನ ಸಾಲನ್ನು ಬಿಡಬೇಕು, ಅಲ್ಲಿ ಬೆಳಕು ಹೆಚ್ಚಾಗಿ ಬುಡ ದಪ್ಪಗಿರುತ್ತದೆ.

ತೂಕ ಬರೆದಲ್ಲೂ ದೊಡ್ಡ ತಪ್ಪೊಂದು ಉಳಿಯುತ್ತದೆ: ಬರೆಯುವುದು ಹಸಿ ತೂಕ. ಕೊಯಮತ್ತೂರಿನ ಸಿಒ-4 ತಳಿಗೆ ಹೆಕ್ಟೇರಿಗೆ ವರ್ಷಕ್ಕೆ 380ರಿಂದ 400 ಟನ್ ಎಂಬ ಪ್ರಸಿದ್ಧ ಅಂಕಿಯೂ ಹಸಿ ತೂಕದ್ದೇ. ಎಳೆ ನೇಪಿಯರ್‌ನ ಹೆಚ್ಚಿನ ಪಾಲು ನೀರು. ಮಳೆಗಾಲದ ಕೊಯ್ಲು ಎಕರೆಗೆ 10 ಟನ್, ಒಣ ಪದಾರ್ಥ ಶೇ. 15 ಎಂದುಕೊಂಡರೆ ಹಸುವಿಗೆ ದಕ್ಕುವುದು 1,500 ಕಿಲೊ. ಬೇಸಿಗೆಯ ಕೊಯ್ಲು 7 ಟನ್, ಒಣ ಪದಾರ್ಥ ಶೇ. 22 ಇದ್ದರೆ 1,540 ಕಿಲೊ. ಹಸಿ ತೂಕದ ಪುಸ್ತಕ ಬೇಸಿಗೆಯ ಕೊಯ್ಲನ್ನು ನಷ್ಟವೆಂದು ತೋರಿಸುತ್ತದೆ. ಮೇವಿನ ಲೆಕ್ಕದಲ್ಲಿ ಅದೇ ಒಂದು ಕೈ ಮೇಲು. ಒಣ ಪದಾರ್ಥದ ಪಾಲನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಕತ್ತರಿಸಿದ ಒಂದು ಕಿಲೊ ಹುಲ್ಲನ್ನು ತೂಕ ಇಳಿಯುವುದು ನಿಲ್ಲುವವರೆಗೆ ಬಿಸಿಲಿಗೆ ಹರಡಿ ಮತ್ತೆ ತೂಗಿದರೆ ಸಾಕು. ಸ್ವಲ್ಪ ತೇವ ಉಳಿದಿರುತ್ತದೆ, ಆದರೂ ಕೊಯ್ಲಿನಿಂದ ಕೊಯ್ಲಿಗೆ ಹೋಲಿಸಲು ಈ ಅಂಕಿ ನಂಬಿಕೆಗೆ ಅರ್ಹ.

ಖರ್ಚಿನ ಕಡೆ, ಒಮ್ಮೆ ನೆಟ್ಟ ಹುಲ್ಲು ನಾಲ್ಕೈದು ವರ್ಷ ಚಿಗುರುತ್ತದೆ. ನಾಟಿಯ ಖರ್ಚನ್ನೆಲ್ಲ ಮೊದಲ ವರ್ಷಕ್ಕೇ ಹಾಕಿದರೆ ಆ ವರ್ಷ ದುಬಾರಿಯೂ ಉಳಿದ ವರ್ಷಗಳು ಪುಕ್ಕಟೆಯೂ ಆಗಿ ಕಾಣುತ್ತವೆ. ಹಂಚಿ ಬರೆಯುವುದೇ ಸರಿ. ಕೊಟ್ಟಿಗೆ ಗೊಬ್ಬರಕ್ಕೆ ಹುಲ್ಲಿನ ಪುಟದಲ್ಲಿ ಬೆಲೆ ಕಟ್ಟಿದರೆ ಹಸುವಿನ ಪುಟದಲ್ಲಿ ಅಷ್ಟನ್ನೇ ಆದಾಯವೆಂದು ತೋರಿಸಬೇಕು.

ಅತ್ಯಂತ ಅನ್ಯಾಯದ ಖಾಲಿ ಜಾಗ ಮನೆಯವರ ದುಡಿಮೆಯದು. ದಿನವೂ ಕೊಯ್ದು, ಹೊತ್ತು, ಕತ್ತರಿಸಿ ಹಾಕುವ ಕೆಲಸ ಹೆಚ್ಚಾಗಿ ಹೆಂಗಸರದು, ಅದು ಪುಸ್ತಕದಲ್ಲಿ ಎಲ್ಲಿಯೂ ಇರುವುದಿಲ್ಲ. ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗವೇ ಕೈಯಿಂದ ಹೋದ ಖರ್ಚಿಗೆ ಮನೆಯವರ ದುಡಿಮೆಯ ಮೌಲ್ಯ ಸೇರಿಸಿ ಇನ್ನೊಂದು ವೆಚ್ಚ ಕಟ್ಟುತ್ತದೆ. ಕೊಟ್ಟಿಗೆಯ ಪುಸ್ತಕದಲ್ಲೂ ಹಾಗೆ ಎರಡು ಸಾಲುಗಳಿರಬೇಕು: ಕೊಟ್ಟ ಹಣ ಒಂದರಲ್ಲಿ, ದುಡಿದ ಗಂಟೆಗಳಿಗೆ ಊರಿನ ಕೂಲಿ ದರದ ಮೌಲ್ಯ ಇನ್ನೊಂದರಲ್ಲಿ. ಎರಡನ್ನೂ ಬೆರೆಸಿದರೆ ಸಾಲದ ಕಂತು ಕಟ್ಟಲು ಉಳಿದ ನಗದೆಷ್ಟೆಂದು ತಿಳಿಯದು. ಎರಡನೆಯದನ್ನು ಬಿಟ್ಟರೆ ಹುಲ್ಲು ಸುಳ್ಳೇ ಅಗ್ಗವಾಗುತ್ತದೆ. ಪಂಪ್‌ಸೆಟ್ಟಿನ ವಿದ್ಯುತ್ತಿಗೆ ಬಿಲ್ಲಿಲ್ಲದ ಕಡೆ ನೀರು ಹಾಯಿಸಿದ ಗಂಟೆಗಳನ್ನಾದರೂ ಗುರುತಿಸಿಡಬೇಕು.

ಇಷ್ಟಾದ ಮೇಲೆ ಹೋಲಿಕೆಗೆ ಅರ್ಥ ಬರುತ್ತದೆ. ಹಸಿ ನೇಪಿಯರ್ ಕಿಲೊಗೆ 2 ರೂಪಾಯಿಗೆ ಬಿದ್ದು ಒಣ ಪದಾರ್ಥ ಶೇ. 20 ಇದ್ದರೆ, ಒಣ ಲೆಕ್ಕದಲ್ಲಿ ಅದು 10 ರೂಪಾಯಿ. ಶೇ. 90 ಒಣಗಿದ ರಾಗಿ ಹುಲ್ಲನ್ನು 8 ರೂಪಾಯಿಗೆ ಕೊಂಡರೆ 9 ರೂಪಾಯಿಯ ಆಸುಪಾಸು. ಆದರೂ ರಾಗಿ ಹುಲ್ಲೇ ಲಾಭವೆಂದು ತೀರ್ಮಾನಿಸುವಂತಿಲ್ಲ, ಹದಕ್ಕೆ ಕೊಯ್ದ ನೇಪಿಯರ್‌ನಲ್ಲಿ ಪ್ರೋಟೀನು ಅದರ ಎರಡು ಪಟ್ಟಿಗೂ ಹೆಚ್ಚು. ಕೊಯ್ಲು ತಡವಾದರೆ ಈ ಮೇಲುಗೈ ಕರಗುತ್ತದೆ, ಆದ್ದರಿಂದ ಪ್ರತಿ ತೂಕದ ಪಕ್ಕ ಹುಲ್ಲಿನ ವಯಸ್ಸೂ ಇರಬೇಕು. ಬಲಿತ ದಂಟನ್ನು ಕತ್ತರಿಸದೆ ಹಾಕಿದರೆ ಹಸು ಎಲೆ ತಿಂದು ದಂಟು ಬಿಡುತ್ತದೆ. ಗೋದಲಿಯಲ್ಲಿ ಉಳಿದ ದಂಟನ್ನೂ ಆಗಾಗ ತೂಗಿ ಇಳುವರಿಯಿಂದ ಕಳೆಯಬೇಕಾಗುತ್ತದೆ.