ಒಂದೇ ಬಾಗಿಲಿನ ಹುಸಿ ಹಿರಿಮೆ

ವಿಂಡೋಸಿನ ಕ್ರಿಯೇಟ್‌ಫೈಲ್ ಫಂಕ್ಷನ್ ಬಗ್ಗೆ ಪಾಠ ಹೇಳುವವರಿಗೆ ಒಂದು ಮೆಚ್ಚಿನ ಮಾತಿದೆ: ಫೈಲು, ಫೋಲ್ಡರು, ಪೈಪು, ಇಡೀ ಡಿಸ್ಕು, ಎಲ್ಲಕ್ಕೂ ಇದೊಂದೇ ಬಾಗಿಲು. 1993ರಲ್ಲಿ ಎನ್‌ಟಿ 3.1ರ ಜೊತೆ ಬಂದ ಈ ಫಂಕ್ಷನ್ನಿಗೆ ಆ ಹೊಗಳಿಕೆ ಅರ್ಧ ಮಾತ್ರ ಸಲ್ಲುತ್ತದೆ.

ಮಾಲೂರು ತಾಲ್ಲೂಕಿನ ಲಕ್ಕೂರಿನ ಹಳೆಯ ಪಹಣಿಗಳನ್ನು ಯಾರೋ ಸ್ಕ್ಯಾನ್ ಮಾಡಿ ‘ಲಕ್ಕೂರು’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದಾರೆ ಎನ್ನಿ. ಆ ಫೋಲ್ಡರನ್ನು ಕ್ರಿಯೇಟ್‌ಫೈಲಿನಿಂದ ತೆರೆಯಹೋದರೆ ಸಿಗುವುದು ದೋಷಸಂಖ್ಯೆ 5, ಅಂದರೆ ಪ್ರವೇಶ ನಿರಾಕರಣೆ. ಅನುಮತಿಗಳನ್ನು ತಿದ್ದಿ, ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿದರೂ ಅದೇ 5. ಕೊರತೆ ಇದ್ದದ್ದು ಬ್ಯಾಕಪ್ ಸೆಮ್ಯಾಂಟಿಕ್ಸ್ ಎಂಬ ಫ್ಲ್ಯಾಗಿನದು. ಅದಿಲ್ಲದಿದ್ದರೆ ಕ್ರಿಯೇಟ್‌ಫೈಲು ‘ಡೈರೆಕ್ಟರಿ ಆಗಿರಕೂಡದು’ ಎಂಬ ಷರತ್ತನ್ನು ತಾನೇ ಸೇರಿಸಿ ಕೆಳಗಿನ ಎನ್‌ಟಿಕ್ರಿಯೇಟ್‌ಫೈಲಿಗೆ ಕಳಿಸುತ್ತದೆ. ಫೈಲ್ ಸಿಸ್ಟಮ್ಮು ‘ಇದು ಡೈರೆಕ್ಟರಿ’ ಎಂದು ನಿಜವನ್ನೇ ಹೇಳುತ್ತದೆ. ಆ ನಿಜವನ್ನು 5 ಮಾಡಿ ನಮಗೆ ದಾಟಿಸುವುದು ನಡುವಿನ ವಿನ್32 ಪದರ. ನಮೂನೆ ತಪ್ಪಿದೆ ಎನ್ನಬೇಕಾದ ಗುಮಾಸ್ತ, ನಿನಗೆ ಹಕ್ಕೇ ಇಲ್ಲ ಎಂದ ಹಾಗಾಯಿತು. ಲಿನಕ್ಸಿನ ಓಪನ್ ಇಂಥ ಆಟ ಆಡುವುದಿಲ್ಲ. ಓದಲು ಡೈರೆಕ್ಟರಿಯನ್ನು ತೆರೆದುಕೊಡುತ್ತದೆ, ಫೈಲಿನಂತೆ ರೀಡ್ ಮಾಡಹೋದಾಗ ‘ಇದು ಡೈರೆಕ್ಟರಿ’ ಎಂದು ಹೆಸರಿಟ್ಟೇ ತಡೆಯುತ್ತದೆ.

‘ಫ್ಲ್ಯಾಗನ್ನು ನಕಲು ಮಾಡಿಕೊಳ್ಳಿ, ಕೆಲಸ ಆಗುತ್ತದಲ್ಲ’ ಎನ್ನುವವರೊಡನೆ ನನ್ನ ಜಗಳ ಇಲ್ಲಿಯೇ. ಬ್ಯಾಕಪ್ ಹಕ್ಕನ್ನು ಚಾಲೂ ಮಾಡಿಕೊಂಡ ಪ್ರೋಗ್ರಾಮಿನ ಕೈಯಲ್ಲಿ ಇದೇ ಫ್ಲ್ಯಾಗು ಫೈಲಿನ ಅನುಮತಿ ಪಟ್ಟಿಯನ್ನೇ ಬದಿಗೆ ಸರಿಸುತ್ತದೆ. ಫೋಲ್ಡರ್ ತೆರೆಯುವ ಬಡಪಾಯಿ ಕೆಲಸವನ್ನೂ ಕಾವಲು ದಾಟುವ ಕೆಲಸವನ್ನೂ ಒಂದೇ ಬಿಟ್ಟಿಗೆ ಕಟ್ಟಿದ್ದನ್ನು ಜಾಣತನ ಎನ್ನಲು ನಾನು ಒಪ್ಪುವುದಿಲ್ಲ. ನಕಲು ಮಾಡಿಸುವವರು ಇದನ್ನು ಹೇಳಿಕೊಡುವುದೇ ಇಲ್ಲ.

ಡಿಸ್ಕಿನ ಕಡೆ ಹೊಗಳಿಕೆ ತಕ್ಕಮಟ್ಟಿಗೆ ನಿಲ್ಲುತ್ತದೆ. ಅಡ್ಮಿನಿಸ್ಟ್ರೇಟರ್ ಹಕ್ಕಿದ್ದು, ಸೆಕ್ಟರಿನ ಗಡಿ ತಪ್ಪದೆ ಓದಿದರೆ ಇಡೀ ವಾಲ್ಯೂಮು ಕೈಗೆ ಸಿಗುತ್ತದೆ. ಆದರೂ ಡ್ರೈವಿನ ಹೆಸರಿನ ಕೊನೆಗೆ ಒಂದು ಬ್ಯಾಕ್‌ಸ್ಲ್ಯಾಶ್ ಉಳಿದರೆ ಸಾಕು, ಕೇಳಿದ್ದು ವಾಲ್ಯೂಮಲ್ಲ, ಅದರ ರೂಟ್ ಡೈರೆಕ್ಟರಿ ಎಂದಾಗುತ್ತದೆ.

ಕನ್ನಡಿಗರಿಗೆ ಇನ್ನೊಂದು ತಕರಾರು. ಕ್ರಿಯೇಟ್‌ಫೈಲಿಗೆ ಎ ಮತ್ತು ಡಬ್ಲ್ಯೂ ಎಂದು ಎರಡು ರೂಪ. ಎ ರೂಪ ನೆಚ್ಚುವ ಎಎನ್‌ಎಸ್‌ಐ ಕೋಡ್ ಪೇಜ್ ಕನ್ನಡಕ್ಕೆ ಇಲ್ಲ. ‘ಲಕ್ಕೂರು’ ಅಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತದೆ, ಆ ಚಿಹ್ನೆಗೆ ಫೈಲಿನ ಹೆಸರಿನಲ್ಲಿ ಜಾಗವೇ ಇಲ್ಲ. 2019ರ ವಿಂಡೋಸ್ 10, 1903 ಆವೃತ್ತಿಯಲ್ಲಷ್ಟೇ ಪ್ರೋಗ್ರಾಮೊಂದು ಯುಟಿಎಫ್-8 ಅನ್ನು ತನ್ನ ಕೋಡ್ ಪೇಜ್ ಎಂದು ಘೋಷಿಸಿಕೊಳ್ಳಲು ಸಾಧ್ಯವಾಯಿತು. ಕನ್ನಡ ಹೆಸರಿನ ಫೋಲ್ಡರುಗಳಿಗೆ ಪ್ರೋಗ್ರಾಮ್ ಬರೆಯುವವರು ಡಬ್ಲ್ಯೂ ರೂಪವನ್ನೇ ಬಳಸಿ. 5 ಬಂದರೆ ಅನುಮತಿ ತಿದ್ದುವ ಮೊದಲು ಫ್ಲ್ಯಾಗನ್ನು ನೋಡಿ.