ಏಳನೇ ನಂಬ್ರದ ಐರನ್

ಬೆಂಗಳೂರಲ್ಲಿ 1876ರಿಂದ ಗಾಲ್ಫ್ ಕ್ಲಬ್ ಇದ್ದರೂ ನಮ್ಮ ಬೈಂದೂರು ಬದಿಯವರಿಗೆ ಅದು ದುಡ್ಡು ಹೆಚ್ಚಾದವರ ಆಟವೇ. ಸಂಬಳ ನೆಚ್ಚಿಕೊಂಡು ಆಡುವ ನನ್ನಂಥವನಿಗೆ ಐರನ್ ಸೆಟ್ ಸಣ್ಣ ಖರ್ಚಲ್ಲ. ಅದಕ್ಕೇ 'ಚೆಂಡು ಇನ್ನೂ ದೂರ' ಎನ್ನುವ ಹೊಸ ಸೆಟ್ಟುಗಳ ಪ್ರಚಾರದ ಮೇಲೆ ನನ್ನ ತಕರಾರು.

ಹಿಂದೆ ಏಳನೇ ಐರನ್ನಿನ ಮುಖ ಸುಮಾರು 35 ಡಿಗ್ರಿ ಓರೆ ಇರುತ್ತಿತ್ತು. ಈಗ ಹಲವು ಸೆಟ್ಟುಗಳಲ್ಲಿ 28-30. ಅಂದ್ರೆ ಹಳೆಯ ಐದಕ್ಕೋ ಆರಕ್ಕೋ ಏಳು ಅಂತ ಕೆತ್ತಿದ್ದು. ಬಂಗ್ಡೆಗೆ ಅಂಜಲ್ ರೇಟು ಹಾಕಿದ ಹಾಗಾಯ್ತು ಮಾರ್ರೆ! ಪಿಚಿಂಗ್ ವೆಜ್ಜೂ 43ಕ್ಕೆ ಇಳಿದು, ಸ್ಯಾಂಡ್ ವೆಜ್ 56ರಲ್ಲೇ ಉಳಿದರೆ ನಡುವೆ 13 ಡಿಗ್ರಿ ಕಂದಕ. ಅದನ್ನು ತುಂಬಲು ಇನ್ನೊಂದು ವೆಜ್ ಮಾರುವವರೂ ಅವರೇ. ಚೀಲಕ್ಕೆ 14 ಕೋಲಿನ ಮಿತಿ ಬೇರೆ.

ಭಾರವನ್ನು ಅಂಚಿಗೆ ಸರಿಸಿದ ಕ್ಯಾವಿಟಿ ಬ್ಯಾಕ್, ನಡುವಿಗೆ ತಾಗದ ಪೆಟ್ಟನ್ನೂ ಸ್ವಲ್ಪ ಕಾಯುತ್ತದೆ, ಅದು ಹೌದು. ಆದರೆ ಆ ಉಪಕಾರ 1982ರ ಪಿಂಗ್ ಐ 2ರಲ್ಲೇ ಇತ್ತಲ್ಲ? ನಾಲ್ಕೈದು ವರ್ಷ ಹಳೆಯ ಸೆಟ್ ತಗೊಳ್ಳಿ, ನಂಬ್ರ ಬಿಟ್ಟು ಡಿಗ್ರಿ ಕೇಳಿ, ಉಳಿದ ದುಡ್ಡಲ್ಲಿ ಗ್ರಿಪ್ ಬದಲಿಸಿ. ಕುಂದಾಪುರದ ಮನೆಯಲ್ಲಿ ಇಡುವವರು ಮಾತ್ರ ಕ್ರೋಮ್ ಲೇಪವಿಲ್ಲದ ವೆಜ್ ಕೊಳ್ಳಬೇಡಿ. ಕಡಲ ಗಾಳಿಗೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದೀತು.