ಮನೆ ಉಳಿಯಿತು, ಮನೆತನ?

ನಮ್ಮ ಗೆಳೆಯರೊಬ್ಬರ ಅಜ್ಜ ಕಟ್ಟಿಸಿದ ಮನೆ ಚನ್ನಗಿರಿಯಲ್ಲಿ ಮಾರಾಟಕ್ಕಿದೆ. ನೋಡಲು ಬಂದವರೆಲ್ಲ ಜಾಗದ ಅಳತೆ ಕೇಳುತ್ತಾರೆ. ತೊಲೆ, ಕಂಬಗಳಿಗೆ ಬೇರೆ ಗಿರಾಕಿಗಳಿದ್ದಾರೆ. ಮನೆ ಮಾತ್ರ ಯಾರಿಗೂ ಬೇಡ. ಹಳೆಯ ಮನೆಯನ್ನು ಕೆಡವದೆ ಏನು ಮಾಡಬಹುದೆಂದು ನೋಡಲು, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ನಾವು ಕೆಲವರು ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ ಬಂದೆವು.

ಗಣಿ ಉದ್ಯಮದಿಂದ ಸಿರಿವಂತರಾದ ರಾಜಾ ಮಾಣಿಕ್ಯವೇಲು ಮೊದಲಿಯಾರ್ ಅವರು ಮೈಸೂರು ಅರಸು ಮನೆತನದಿಂದ ಕೊಂಡ ಬಂಗಲೆ ಇದು. ನಂತರ ಸರಕಾರಿ ಸಂಸ್ಥೆಗಳ ಕೈಗೆ ಬಂತು. 2000ದಲ್ಲಿ ಕೇಂದ್ರ ಸಂಸ್ಕೃತಿ ಇಲಾಖೆ ಇದನ್ನು ಗುತ್ತಿಗೆಗೆ ಪಡೆಯಿತು. ದುರಸ್ತಿಯಾಗಿ, ಪಕ್ಕಕ್ಕೆ ಹೊಸ ಕಟ್ಟಡವೂ ಸೇರಿ, 2009ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಬಾಗಿಲು ತೆರೆಯಿತು. ದೆಹಲಿ, ಮುಂಬಯಿಗಳ ನಂತರ ಇದು ಮೂರನೆಯದು. ದೆಹಲಿಯದೂ ಹಿಂದೆ ಜೈಪುರದ ಮಹಾರಾಜರ ನಿವಾಸವಾಗಿತ್ತು.

ಇಲ್ಲಿ ಮೆಚ್ಚಬೇಕಾದದ್ದು ಬಹಳವಿದೆ. ಹೊಸ ಕಟ್ಟಡ ಹಳೆಯದರ ವೇಷ ಹಾಕಿಲ್ಲ, ಅದರ ಮೇಲೆ ದರ್ಪವನ್ನೂ ತೋರಿಲ್ಲ. ಆವರಣದ ದೊಡ್ಡ ಮರಗಳು ಉಳಿದಿವೆ. ಒಂದು ಕಾಲಕ್ಕೆ ಆಹ್ವಾನಿತರಷ್ಟೇ ಹತ್ತುತ್ತಿದ್ದ ಮೆಟ್ಟಿಲುಗಳನ್ನು ಇಂದು ಸಣ್ಣ ಟಿಕೆಟು ಕೊಂಡವರು ಯಾರೂ ಹತ್ತಬಹುದು. ಇದು ಸಣ್ಣ ಸಂಗತಿಯಲ್ಲ.

ಆದರೂ ಒಳಗೆ ತಿರುಗಾಡುವಾಗ ಏನೋ ಕೊರತೆ ಕಾಡಿತು. ಚಿತ್ರಗಳಿಗೆ ಬಿಸಿಲು ತಾಗಬಾರದು, ಬೆಳಕು ಹದದಲ್ಲಿರಬೇಕು, ನಿಜ. ಆದರೆ ಬೆಳಕನ್ನು ಹದಕ್ಕೆ ತಂದು, ಗೋಡೆಗಳನ್ನು ಖಾಲಿ ಹಾಳೆಯಂತೆ ಮಾಡಿದಾಗ ಮನೆಯ ಕೋಣೆ ಎಲ್ಲಿಯದೋ ಕೋಣೆಯಾಗಿಬಿಡುತ್ತದೆ. ಅಡುಗೆ ಎಲ್ಲಿ ಬೇಯುತ್ತಿತ್ತು? ಹೆಂಗಸರು ಯಾವ ಕಿಟಕಿಯಿಂದ ರಸ್ತೆ ನೋಡುತ್ತಿದ್ದರು? ಆಳುಗಳು ಎಲ್ಲಿ ಮಲಗುತ್ತಿದ್ದರು? ಯಜಮಾನರ ಹೆಸರು ಮನೆಯ ಮೇಲೆ ಉಳಿಯಿತು. ಉಳಿದವರು ಚಿತ್ರಗಳ ಹಿಂದೆ ಮರೆಯಾದರು. ಮನೆಯೊಂದನ್ನು ಕಲೆಗೆ ಬಿಟ್ಟುಕೊಟ್ಟಾಗ ಆ ಮನೆಯ ಬದುಕೂ ಕಲಾವಿದನ ಕಣ್ಣಿಗೆ ಬೀಳಬೇಕು ಎಂಬುದು ನಮ್ಮ ನಿರೀಕ್ಷೆ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮ ಬಳಿಯೇ ಇದೆ. ಚನ್ನಗಿರಿ ತಾಲೂಕಿನ ಸಂತೇಬೆನ್ನೂರಿನಲ್ಲಿ ನಾಯಕರ ಕಾಲದ ಹೊಂಡವೂ ಅದರೆದುರು ಬಿಜಾಪುರದ ಆಳ್ವಿಕೆಯ ಕಾಲದ ಮುಸಾಫಿರ್‌ಖಾನೆಯೂ ಇವೆ. ಎರಡೂ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕಲ್ಲುಗಳು ಭದ್ರ. ಆದರೆ ಹೆಸರಲ್ಲೇ ಪ್ರಯಾಣಿಕನನ್ನು ಇಟ್ಟುಕೊಂಡ ಆ ಕಟ್ಟಡದಲ್ಲಿ ಇಂದು ತಂಗುವವರಿಲ್ಲ. ಬೆಂಗಳೂರಿನ ಬಂಗಲೆಗೆ ಕೆಲಸ ಸಿಕ್ಕಿತು, ನೆನಪು ಮಸುಕಾಯಿತು. ಸಂತೇಬೆನ್ನೂರಿನಲ್ಲಿ ನೆನಪು ಉಳಿಯಿತು, ಕೆಲಸ ಹೋಯಿತು. ಕಟ್ಟಡವೊಂದು ಬದುಕಿದೆ ಎನ್ನಲು ಎರಡೂ ಬೇಕಲ್ಲವೇ?

ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜಿದೆ. ಅಲ್ಲಿ ಕಲಿತ ಹುಡುಗ ಹುಡುಗಿಯರು ಹೊನ್ನಾಳಿಗೋ ಜಗಳೂರಿಗೋ ಮರಳಿದರೆ ತಮ್ಮ ಚಿತ್ರ ತೂಗುಹಾಕಲು ಗೋಡೆ ಹುಡುಕಬೇಕು. ಅತ್ತ ಗೋಡೆಗಳಿರುವ ಮನೆಗಳು ಬೀಗ ಹಾಕಿಕೊಂಡು ಕುಸಿಯುತ್ತಿವೆ. ಇವೆರಡನ್ನೂ ಸೇರಿಸಲು ಕೋಟಿಗಳು ಬೇಕಿಲ್ಲ. ಸೂರು ಸೋರದಂತೆ ರಿಪೇರಿ, ಒಂದು ನಡುಮನೆ, ಬಾಗಿಲು ತೆಗೆಯಲು ಒಬ್ಬರು. ಜೊತೆಗೆ, ಆ ಮನೆಯಲ್ಲಿ ಬಾಳಿದವರು ಯಾರೆಂದು ಕನ್ನಡದಲ್ಲಿ ಬರೆದ ಒಂದು ಹಲಗೆ.

ಹಿಂದಿರುಗುವ ದಾರಿಯಲ್ಲಿ ಗೆಳೆಯರು ಹೆಚ್ಚು ಮಾತಾಡಲಿಲ್ಲ. ಇಳಿಯುವಾಗ ಇಷ್ಟೇ ಹೇಳಿದರು: "ಮಾರೋದು ಇನ್ನೊಂದು ವರ್ಷ ತಡೆದು ನೋಡೋಣ ಅಂತಿದೀನಿ." ಅಣ್ಣತಮ್ಮಂದಿರು ಒಪ್ಪಬೇಕು, ಮಳೆಯೂ ಒಪ್ಪಬೇಕು. ಆ ಒಂದು ವರ್ಷದಲ್ಲಿ ಅಲ್ಲಿ ಹತ್ತು ಚಿತ್ರಗಳನ್ನಾದರೂ ತೂಗುಹಾಕುವ ಹೊಣೆ ನಮ್ಮೆಲ್ಲರದು.